ಸದಸ್ಯರ ಪಟ್ಟಿಯೂ ಆಪರೇಟಿಂಗ್ ಸಿಸ್ಟಂಗಳ ಜಗಳವೂ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಯಾವ ಆಪರೇಟಿಂಗ್ ಸಿಸ್ಟಂ ಒಳ್ಳೆಯದು ಎಂಬ ಪ್ರಶ್ನೆಗೆ, ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿ ನಡೆಸಿಕೊಂಡು ಬಂದ ನಾನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಉತ್ತರ ಬದಲಾದದ್ದು ನನ್ನ ಅಭಿರುಚಿ ಬದಲಾದ ಕಾರಣಕ್ಕಲ್ಲ. ಕಂಪ್ಯೂಟರಿನೊಳಗೆ ಕನ್ನಡ ಅಕ್ಷರವನ್ನು ರೂಪಿಸುವ ಕೆಲಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುತ್ತ ಹೋದ ಕಾರಣಕ್ಕೆ. ಮೊದಲು ಅದು ಯಂತ್ರಕ್ಕೆ ಸಿಕ್ಕಿಸಿದ ಒಂದು ಕಾರ್ಡಿನಲ್ಲಿತ್ತು, ಆಮೇಲೆ ಫಾಂಟಿಗೆ ಬಂತು, ಅಲ್ಲಿಂದ ಆಪರೇಟಿಂಗ್ ಸಿಸ್ಟಂಗೆ ಹೋಯಿತು, ಈಗ ಬಹುಪಾಲು ತಂತ್ರಾಂಶದೊಳಗೇ ಸೇರಿಕೊಂಡಿದೆ. ಡಾಸ್, ವಿಂಡೋಸ್, ಲಿನಕ್ಸ್, ಮ್ಯಾಕ್ ಎಂದು ಪಕ್ಷ ಕಟ್ಟಿಕೊಂಡು ನಡೆದ ವಾದಗಳಲ್ಲಿ ಈ ಸಂಗತಿ ಚರ್ಚೆಗೆ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಆದ್ದರಿಂದ ನಾನು ಕೆಲಸ ಮಾಡಿದ ರೀತಿಯನ್ನೇ ಇಲ್ಲಿ ಬರೆಯುತ್ತೇನೆ.

ನನ್ನ ಬಳಿ ಒಂದು ಸ್ಥಿರವಾದ ಪರೀಕ್ಷೆ ಇತ್ತು. ನಮ್ಮ ಕಡೆಯ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನು ವರ್ಷಕ್ಕೊಮ್ಮೆ ಮಹಾಸಭೆಗೆ ಮುಂಚೆ ಅಚ್ಚು ಮಾಡಿಕೊಡುವುದು ಅಂಗಡಿಯ ಖಾಯಂ ಕೆಲಸವಾಗಿತ್ತು. ಆ ಪಟ್ಟಿ ಅಕಾರಾದಿಯಾಗಿ ಇರಬೇಕು. ಹೆಸರು, ತಂದೆಯ ಹೆಸರು, ಊರು, ಷೇರಿನ ಮೊತ್ತ ಎಲ್ಲವೂ ಕನ್ನಡದಲ್ಲಿರಬೇಕು. ಹೊಸ ಯಂತ್ರವೋ ಹೊಸ ಸಿಸ್ಟಮ್ಮೋ ಬಂದಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಈ ಪಟ್ಟಿ ಅದರಲ್ಲಿ ಜೋಡಣೆಯಾಗುತ್ತದೆಯೇ ಎಂಬುದನ್ನು.

1990ರ ದಶಕದ ಆರಂಭದಲ್ಲಿ ನಮ್ಮಲ್ಲಿದ್ದದ್ದು 80286 ಪ್ರೊಸೆಸರಿನ ಒಂದು ಯಂತ್ರ, ಎಂಎಸ್-ಡಾಸ್ ಮತ್ತು ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್. ಐಐಟಿ ಕಾನ್ಪುರದಲ್ಲಿ ಮೊದಲು ರೂಪುಗೊಂಡ ಆ ತಂತ್ರಜ್ಞಾನದ ವಿಶೇಷವೇನೆಂದರೆ, ಕನ್ನಡ ಎಂಬ ಭಾಷೆ ಇದೆಯೆಂದು ಡಾಸ್‌ಗಾಗಲಿ ಅದರ ಮೇಲೆ ಓಡುವ, ಪಟ್ಟಿಗಳನ್ನು ಇಡುವ ತಂತ್ರಾಂಶವಾದ ಡಿಬೇಸ್‌ಗಾಗಲಿ ತಿಳಿಯಬೇಕಾದ ಅಗತ್ಯವೇ ಇರಲಿಲ್ಲ. ಕೀಲಿ ಒತ್ತಿದರೆ ಒಂದು ಎಂಟು ಬಿಟ್‌ನ ಸಂಕೇತ ಕಡತಕ್ಕೆ ಹೋಗುತ್ತಿತ್ತು; ಆ ಸಂಕೇತಗಳ ಸಾಲನ್ನು ಓದಿ ಗುಣಿತವನ್ನೂ ಒತ್ತಕ್ಷರವನ್ನೂ ಪರದೆಯ ಮೇಲೆ ಮೂಡಿಸುವ ಹೊಣೆ ಕಾರ್ಡಿನದಾಗಿತ್ತು. ಸಂಕೇತಗಳ ಪದ್ಧತಿಯ ಹೆಸರು ಇಸ್ಕಿ. 1991ರಲ್ಲಿ ಅದು ಐಎಸ್ 13194 ಎಂಬ ಭಾರತೀಯ ಮಾನಕವಾಯಿತು. ಅದರಲ್ಲಿ ಬ್ರಾಹ್ಮಿ ಮೂಲದ ಭಾರತದ ಪ್ರಮುಖ ಲಿಪಿಗಳಿಗೆಲ್ಲ ಒಂದೇ ಕೋಷ್ಟಕ. ಕನ್ನಡದ ಕಕಾರಕ್ಕೂ ದೇವನಾಗರಿಯ ಕಕಾರಕ್ಕೂ ಒಂದೇ ಸಂಖ್ಯೆ ಇದ್ದುದರಿಂದ, ಲಿಪಿ ಬದಲಿಸಿದರೆ ಕನ್ನಡದ ಹೆಸರುಗಳು ಹಾಗೆಯೇ ತೆಲುಗಿನಲ್ಲೋ ನಾಗರಿಯಲ್ಲೋ ಕಾಣಿಸುತ್ತಿದ್ದವು. ಸಂಘದ ಕಚೇರಿಗೆ ಬಂದವರಿಗೆ ಇದನ್ನು ತೋರಿಸಿ ಬೆರಗುಗೊಳಿಸುವುದು ನಮ್ಮ ಹುಡುಗರ ಹವ್ಯಾಸವಾಗಿತ್ತು.

ಕೃಷ್ಣಮೂರ್ತಿ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಇಸ್ಕಿಯಲ್ಲಿ ಅದು 11 ಸಂಕೇತ. ಆದ್ದರಿಂದ ಡಿಬೇಸ್‌ನಲ್ಲಿ ಹೆಸರಿನ ಕಲಂಗೆ ಇಂಗ್ಲಿಷಿಗೆ ಸಾಕಾಗುವ ಅಗಲಕ್ಕಿಂತ ಹೆಚ್ಚು ಜಾಗ ಕೊಡಬೇಕಾಗುತ್ತಿತ್ತು. ವರ್ಡ್‌ಸ್ಟಾರ್‌ನಲ್ಲಿ ಕನ್ನಡ ಬರೆಯುವಾಗ ನಾವು ನಾನ್-ಡಾಕ್ಯುಮೆಂಟ್ ಮೋಡ್ ಬಳಸುತ್ತಿದ್ದೆವು, ಏಕೆಂದರೆ ಆಗಿನ ವರ್ಡ್‌ಸ್ಟಾರ್ ಡಾಕ್ಯುಮೆಂಟ್ ಮೋಡ್‌ನಲ್ಲಿ ಕನ್ನಡದ ಸಂಕೇತಗಳಿಗೆ ಬೇಕಾದ ಎಂಟನೆಯ ಬಿಟ್ಟನ್ನು ತನ್ನ ಸ್ವಂತ ಗುರುತುಗಳಿಗೆ ಇಟ್ಟುಕೊಂಡಿತ್ತು. ಇಷ್ಟನ್ನು ಅರಿತುಕೊಂಡ ಮೇಲೆ ಪಟ್ಟಿಯ ಕೆಲಸ ಸಲೀಸಾಯಿತು. ಇಸ್ಕಿ ಕೋಷ್ಟಕದಲ್ಲಿ ಮೊದಲು ಸ್ವರ, ಆಮೇಲೆ ವ್ಯಂಜನ, ಆಮೇಲೆ ಸ್ವರಚಿಹ್ನೆ, ಅದರ ಬಳಿಕ ಹಲಂತ (ವ್ಯಂಜನದ ಅಕಾರ ತೆಗೆಯುವ ಚಿಹ್ನೆ) ಇರುವುದರಿಂದ, ಡಿಬೇಸ್‌ಗೆ ಕನ್ನಡದ ಗಂಧವೇ ಇಲ್ಲದಿದ್ದರೂ ಅದು ಬರೀ ಸಂಖ್ಯೆಗಳ ಕ್ರಮದಲ್ಲಿ ಜೋಡಿಸಿದ ಪಟ್ಟಿ ಬಹುಮಟ್ಟಿಗೆ ಅಕಾರಾದಿಯಾಗಿಯೇ ಬರುತ್ತಿತ್ತು. ಒಂದು ಊನವಿತ್ತು: ಎಲ್ಲ ಲಿಪಿಗಳಿಗೂ ಹೊಂದಬೇಕಾದ ಆ ಕೋಷ್ಟಕದಲ್ಲಿ ಳಕಾರ ಲಕಾರದ ಪಕ್ಕದಲ್ಲಿದೆ, ನಮ್ಮ ವರ್ಣಮಾಲೆಯಲ್ಲಿರುವಂತೆ ಹಕಾರದ ನಂತರ ಇಲ್ಲ. ಹಾಗಾಗಿ ‘ಕಳಸ’ದಿಂದ ಆರಂಭವಾಗುವ ಹೆಸರು ‘ಕವಿತಾ’ಗಿಂತ ಮೊದಲು ಬಂದುಬಿಡುತ್ತಿತ್ತು. ಅಂಥ ಸಾಲುಗಳನ್ನು ಕೈಯಿಂದ ಸರಿಪಡಿಸಿಕೊಳ್ಳುತ್ತಿದ್ದೆವು.

ಡಾಸ್ ಬಗೆಗೆ ಆಗ ಕೇಳಿಬರುತ್ತಿದ್ದ ದೂರುಗಳೆಲ್ಲ ನಿಜವೇ. 640 ಕಿಲೋಬೈಟ್ ಮೆಮೊರಿಯ ಗೋಡೆಯೊಳಗೆ ಮೌಸ್ ಡ್ರೈವರ್, ನೆಟ್‌ವರ್ಕ್ ಡ್ರೈವರ್, ಡಿಬೇಸ್ ಎಲ್ಲವನ್ನೂ ಹಿಡಿಸಲು ಕಾನ್ಫಿಗ್ ಕಡತದ ಸಾಲುಗಳನ್ನು ಮೇಲೆ ಕೆಳಗೆ ಮಾಡುತ್ತ ಕೂರಬೇಕಾಗುತ್ತಿತ್ತು. 1991ರಲ್ಲಿ ಡಾಸ್‌ನ ಐದನೆಯ ಆವೃತ್ತಿ ಬಂದ ಮೇಲೆ ಅದರ ಒಂದು ಭಾಗವನ್ನು ಮೇಲಿನ ಮೆಮೊರಿಗೆ ಸಾಗಿಸಲು ಸಾಧ್ಯವಾಗಿ ಸ್ವಲ್ಪ ಉಸಿರಾಡುವಂತಾಯಿತು. ಒಂದು ಸಲಕ್ಕೆ ಒಂದೇ ಕೆಲಸ. ಪರದೆಯ ಮೇಲಿನ ಅಕ್ಷರವೂ ಒರಟು. ಆದರೆ ಪಟ್ಟಿ ಸರಿಯಾಗಿತ್ತು.

1992ರಲ್ಲಿ ಬಂದ ವಿಂಡೋಸ್ 3.1 ಟ್ರೂಟೈಪ್ ಫಾಂಟುಗಳನ್ನು ತಂದಿತು. ಅದರ ಬೆನ್ನಿಗೇ ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್, ಲೇಸರ್ ಪ್ರಿಂಟರ್, ಶ್ರೀಲಿಪಿ, ಪ್ರಕಾಶಕ್, ಆಕೃತಿಯಂಥ ಕನ್ನಡ ಪ್ಯಾಕೇಜುಗಳು ಬಂದವು. ಅಚ್ಚುಮೊಳೆ ಜೋಡಿಸುತ್ತಿದ್ದವರು ಮೌಸ್ ಹಿಡಿದದ್ದು ಈ ಕಾಲದಲ್ಲಿ, ಮತ್ತು ಅವರಿಗೆ ಈ ಫಾಂಟುಗಳ ಒಳಗುಟ್ಟು ನಮಗಿಂತ ಬೇಗ ತಿಳಿಯಿತು. ಏಕೆಂದರೆ ಅದು ಮೊಳೆ ಜೋಡಣೆಯ ವಿಧಾನವೇ ಆಗಿತ್ತು. ಆಗಿನ ಒಂದು ಫಾಂಟಿನಲ್ಲಿ ಇನ್ನೂರರ ಆಸುಪಾಸಿನ ಮನೆಗಳಿರುತ್ತಿದ್ದವು. ಕನ್ನಡದ ಎಲ್ಲ ಗುಣಿತಾಕ್ಷರಗಳನ್ನೂ ಅಷ್ಟರಲ್ಲಿ ಹಿಡಿಸಲು ಆಗದು. ಆದ್ದರಿಂದ ಅಕ್ಷರವನ್ನು ತುಂಡು ಮಾಡಿ ತಲೆಕಟ್ಟು ಬೇರೆ, ಕೊಂಬು ಬೇರೆ, ದೀರ್ಘ ಬೇರೆ, ಒತ್ತು ಬೇರೆ ಎಂದು ಒಂದೊಂದು ತುಂಡನ್ನೂ ಇಂಗ್ಲಿಷಿನ ಯಾವುದೋ ಚಿಹ್ನೆಯ ಮನೆಯಲ್ಲಿ ಕೂರಿಸಿದರು. ಮುದ್ರಣದಲ್ಲಿ ಅಕ್ಷರ ಬಹಳ ಸೊಗಸಾಗಿ ಬಂತು. ಕಡತದೊಳಗೆ ಮಾತ್ರ ಅಕ್ಷರ ಎಂಬುದೇ ಇರಲಿಲ್ಲ, ಅದರ ಚೂರುಗಳಷ್ಟೇ ಇದ್ದವು.

ಸಂಘದ ಪಟ್ಟಿಯನ್ನು ಹೊಸ ಫಾಂಟಿನಲ್ಲಿ ಕೂರಿಸಿ ಎಕ್ಸೆಲ್‌ಗೆ ಜೋಡಿಸಲು ಹೇಳಿದಾಗ ಹೆಸರುಗಳು ಯಾವ ಕ್ರಮಕ್ಕೂ ಸಿಗದ ಹಾಗೆ ಚದುರಿದವು. ಎಕ್ಸೆಲ್ ತನ್ನ ಪಾಲಿಗೆ ಇಂಗ್ಲಿಷ್ ಚಿಹ್ನೆಗಳನ್ನು ಶಿಸ್ತಾಗಿಯೇ ಜೋಡಿಸಿತ್ತು. ಸಂಘದ ಕಾರ್ಯದರ್ಶಿಗಳು ಪ್ರೂಫ್ ನೋಡಿ, “ಹೆಸರು ಚೆಂದ ಕಾಣ್ತದೆ, ಆದ್ರೆ ಹುಡುಕೋದು ಹೇಗೆ ಮಾರಾಯ್ರೇ?” ಎಂದರು. ಅಲ್ಲಿಂದ ಕೆಲವು ವರ್ಷಗಳ ಕಾಲ ನಾವು ಒಂದು ವಿಚಿತ್ರ ವ್ಯವಸ್ಥೆಯಲ್ಲಿ ಬದುಕಿದೆವು: ಪಟ್ಟಿಯನ್ನು ಹಳೆಯ ಡಾಸ್ ಯಂತ್ರದಲ್ಲಿ ಜೋಡಿಸಿ, ಅದನ್ನು ಕಾಗದದ ಮೇಲೆ ತೆಗೆದು, ಆ ಕ್ರಮದಲ್ಲೇ ವಿಂಡೋಸ್ ಯಂತ್ರದಲ್ಲಿ ಮತ್ತೆ ಬೆರಳಚ್ಚು ಮಾಡುವುದು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಎರಡು ಕಂಪ್ಯೂಟರುಗಳ ನಡುವೆ ಕನ್ನಡದ ಹೆಸರನ್ನು ಸಾಗಿಸಲು ನಮಗಿದ್ದ ಮಾಧ್ಯಮ ಕಾಗದವೇ.

ವಿಂಡೋಸ್ 95 ಬಂದದ್ದು ಆ ವರ್ಷದ ಆಗಸ್ಟಿನಲ್ಲಿ. ಅದೇ ಹೊತ್ತಿಗೆ ಬೆಂಗಳೂರಿನ ಗೆಳೆಯರು ಲಿನಕ್ಸ್ ಪಕ್ಷಕ್ಕೆ ಸೇರತೊಡಗಿದರು. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಿ.ಡಿ.ಯಲ್ಲಿ ಲಿನಕ್ಸ್ ಹಂಚಿತು; ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ದೂರವಾಣಿ ತಂತಿಯ ಅಂತರಜಾಲದಲ್ಲಿ ಒಂದು ಸಿ.ಡಿ.ಯಷ್ಟು ಸರಕನ್ನು ಇಳಿಸಿಕೊಳ್ಳುವುದು ಯೋಚಿಸಲೂ ಆಗದ ಮಾತಾಗಿದ್ದಾಗ, ಪತ್ರಿಕೆಯ ಬೆಲೆಗೆ ಇಡೀ ಸಿಸ್ಟಂ ಕೈಗೆ ಬಂದದ್ದು ನಮ್ಮಂಥ ಊರಿನವರಿಗೆ ದೊಡ್ಡ ಸಂಗತಿ. ಹಾಕಿ ನೋಡಿದೆ. ಮಾನಿಟರಿನ ಸಿಂಕ್ ದರವನ್ನು ನಾವೇ ತುಂಬಬೇಕು, ತಪ್ಪಿದರೆ ಮಾನಿಟರ್ ಸುಟ್ಟೀತು ಎಂಬ ಎಚ್ಚರಿಕೆ ಬೇರೆ. ಒಳಗೆ ಕೂರಿಸುವ ಅಗ್ಗದ ಮೋಡೆಮ್‌ಗಳಲ್ಲಿ ಹೆಚ್ಚಿನವು ತಮ್ಮ ಕೆಲಸದ ಬಹುಭಾಗವನ್ನು ವಿಂಡೋಸ್ ಡ್ರೈವರಿಗೆ ವಹಿಸಿದ್ದರಿಂದ ಲಿನಕ್ಸ್‌ನಲ್ಲಿ ಅವು ಮಿಸುಕಾಡುತ್ತಿರಲಿಲ್ಲ. ಆದರೂ ಅದರ ಗಟ್ಟಿತನ ನನಗೆ ಹಿಡಿಸಿತು. ದೊಡ್ಡ ಪ್ರಬಂಧವೊಂದನ್ನು ಪುಟ ಕಟ್ಟುವ ನಡುವೆ ವಿಂಡೋಸ್‌ನ ನೀಲಿ ಪರದೆ ಕಂಡವರಿಗೆ ಗಟ್ಟಿತನದ ಬೆಲೆ ಗೊತ್ತು.

ಗೆಳೆಯರ ವಾದದಲ್ಲಿ ಎರಡು ಮಾತು ಪದೇ ಪದೇ ಬರುತ್ತಿತ್ತು. ಒಂದು, ಲಿನಕ್ಸ್ ಉಚಿತ. ಅಂಗಡಿಗಳಲ್ಲಿ ಕೂಡಿಸಿ ಕೊಡುವ ಯಂತ್ರಗಳಲ್ಲಿ ವಿಂಡೋಸ್‌ನ ನಕಲು ಪ್ರತಿ ತಾನಾಗಿಯೇ ಬಂದು ಕೂರುತ್ತಿದ್ದ ಆ ದಿನಗಳಲ್ಲಿ, ಬೆಲೆಯ ವಾದಕ್ಕೆ ನಮ್ಮ ಊರಿನಲ್ಲಿ ತೂಕವೇ ಇರಲಿಲ್ಲ. ಅದು ಪರವಾನಗಿಗೆ ದುಡ್ಡು ಕೊಡುವ ದೇಶಗಳಿಂದ ತಂದ ವಾದ ಎಂದು ನನಗೆ ಈಗಲೂ ಅನಿಸುತ್ತದೆ. ಎರಡನೆಯದು, ಲಿನಕ್ಸ್‌ಗೆ ಕಿಟಕಿ, ಮೆನುಗಳ ಪರದೆ ಕೊಡುವ ಕೆಡಿಇ ಮತ್ತು ಗ್ನೋಮ್‌ಗಳಲ್ಲಿ ಯಾವುದು ಉತ್ತಮ ಎಂಬುದು. ಕೆಡಿಇ ಆಧರಿಸಿದ್ದ ಕ್ಯೂಟಿ ಎಂಬ ತಂತ್ರಾಂಶ ಸಂಗ್ರಹದ ಪರವಾನಗಿ ಪೂರ್ತಿ ಮುಕ್ತವಾಗಿರಲಿಲ್ಲವೆಂಬ ಆಕ್ಷೇಪದಿಂದಲೇ 1997ರಲ್ಲಿ ಗ್ನೋಮ್ ಹುಟ್ಟಿತು. ಈ ಜಗಳವನ್ನು ನಾನು ಆಸಕ್ತಿಯಿಂದ ಕೇಳುತ್ತಿದ್ದೆ, ಆದರೆ ಎರಡರಲ್ಲೂ ಸದಸ್ಯರ ಪಟ್ಟಿ ಮೂಡುತ್ತಿರಲಿಲ್ಲ. ಕನ್ನಡದ ಫಾಂಟ್ ಕಡತವನ್ನು ಲಿನಕ್ಸ್‌ಗೆ ನಕಲಿಸಿ ಬರಹವನ್ನು ತೋರಿಸಬಹುದಾಗಿತ್ತು. ಬೆರಳಚ್ಚು ಮಾಡುವಾಗ ತುಂಡುಗಳನ್ನು ಜೋಡಿಸುವ ಕೀಲಿಮಣೆಯ ತಂತ್ರಾಂಶ ಮಾತ್ರ ವಿಂಡೋಸ್‌ನದು. ಕೆಲವು ಪ್ಯಾಕೇಜುಗಳಿಗೆ ನಕಲು ತಡೆಯಲು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಎಂಬ ಸಾಧನ ಬೇರೆ ಬೇಕಿತ್ತು. ಹೀಗೆ ಅಕ್ಷರ ಫಾಂಟಿನಲ್ಲಿದ್ದ ಕಾಲದಲ್ಲಿ ನಾವು ವಿಂಡೋಸ್ ಆರಿಸಿಕೊಂಡೆವು ಎನ್ನುವುದೇ ಸರಿಯಲ್ಲ. ಬೇರೆ ದಾರಿಯೇ ಇರಲಿಲ್ಲ. ಬೆಂಗಳೂರಿನ ಜಾಹೀರಾತು ಸಂಸ್ಥೆಗಳಲ್ಲಿ ಮ್ಯಾಕ್ ಇತ್ತು, ಅದರ ಬೆಲೆ ನಮ್ಮ ಅಳವಿಗೆ ಮೀರಿದ್ದು.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಎಂಬ ಕನ್ನಡ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಸರ್ಕಾರಿ ಕಚೇರಿಗಳಲ್ಲೂ ಮನೆಗಳಲ್ಲೂ ನೆಲೆಗೊಂಡಿತು. ಬರಹ ಮತ್ತು ನುಡಿಯ ಫಾಂಟ್ ಸಂಕೇತಗಳು ಒಂದೇ ಆದದ್ದರಿಂದ ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆದುಕೊಳ್ಳತೊಡಗಿತು. ಅಂಗಡಿಯ ದಿನನಿತ್ಯದ ಸಂಕಟದಲ್ಲಿ ಅರ್ಧ ಇದರಿಂದಲೇ ಕಳೆಯಿತು. ಉಳಿದರ್ಧ, ಎಂದರೆ ಹುಡುಕುವುದು ಮತ್ತು ಜೋಡಿಸುವುದು, ಹಾಗೆಯೇ ಉಳಿಯಿತು.

ನನ್ನ ಮಟ್ಟಿಗೆ ಪರಿಸ್ಥಿತಿ ತಿರುಗಿದ್ದು 2001ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಿಂದ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 128 ಮನೆಗಳ ಜಾಗ ಮೊದಲೇ ಇತ್ತಾದರೂ, ಆ ಸಂಕೇತಗಳಿಂದ ಗುಣಿತ, ಒತ್ತು, ಅರ್ಕಾವತ್ತುಗಳನ್ನು ರೂಪಿಸುವ ಕೆಲಸವನ್ನು ವಿಂಡೋಸ್ ತಾನೇ ಮಾಡತೊಡಗಿದ್ದು ಆಗ. ಅದರೊಂದಿಗೆ ತುಂಗಾ ಎಂಬ ಫಾಂಟ್ ಬಂತು. ಹಾಕಿದೊಡನೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗಕ್ಕೆ ಹೋಗಿ ಸಂಕೀರ್ಣ ಲಿಪಿಗಳ ಕಡತಗಳನ್ನು ಸ್ಥಾಪಿಸಲು ಗುರುತು ಹಾಕಿ, ಎಕ್ಸ್‌ಪಿಯ ಸಿ.ಡಿ.ಯನ್ನು ಮತ್ತೆ ತುರುಕಬೇಕಿತ್ತು. ಸಿ.ಡಿ. ಇಲ್ಲದವರು ಅಂಗಡಿಗೆ ಬರುತ್ತಿದ್ದರು. ಇನ್ನು ಕೆಲವರು ನೋಟ್‌ಪ್ಯಾಡಿನಲ್ಲಿ ಕನ್ನಡ ಬರೆದು, ಅದು ಕೊಟ್ಟ ಎಚ್ಚರಿಕೆಯನ್ನು ಓದದೆ ಹಳೆಯ ಎಎನ್‌ಎಸ್‌ಐ ರೂಪದಲ್ಲಿ ಉಳಿಸಿ, ಪುಟಗಟ್ಟಲೆ ಪ್ರಶ್ನಾರ್ಥಕ ಚಿಹ್ನೆಗಳನ್ನು ತಂದು ಸರಿಮಾಡಿಕೊಡಿ ಎನ್ನುತ್ತಿದ್ದರು, ಅದಕ್ಕೆ ಮದ್ದಿರಲಿಲ್ಲ. ಲಿನಕ್ಸ್ ಕಡೆಯಲ್ಲಿ ಇದೇ ಕೆಲಸವನ್ನು ಪ್ಯಾಂಗೋ ಎಂಬ ತಂತ್ರಾಂಶ ವಹಿಸಿಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳು ಬಂದವು, ರೆಡ್‌ಹ್ಯಾಟ್‌ನಿಂದ ಲೋಹಿತ್ ಬಂತು, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಅಲ್ಲಿ ಸಿಕ್ಕಿತು. ಉಬುಂಟು ಸಿ.ಡಿ.ಯನ್ನು ಅಂಚೆಯಲ್ಲಿ ಪುಕ್ಕಟೆಯಾಗಿ ಕಳುಹಿಸುತ್ತಿದ್ದ ಕಾಲ ಅದು. ಕನ್ನಡದ ಪಾಲಿಗೆ ಎರಡು ಸಿಸ್ಟಂಗಳು ನಿಜವಾಗಿ ಪಕ್ಕಪಕ್ಕದಲ್ಲಿ ನಿಂತದ್ದು ಆಗಲೇ.

ಇನ್ನು ಹಳೆಯ ಕಡತಗಳನ್ನು ಯುನಿಕೋಡ್‌ಗೆ ತರಬೇಕಾಗಿತ್ತು. ಇಲ್ಲಿ ನಾನು ನಿರೀಕ್ಷಿಸದ ಒಂದು ಸಂಗತಿ ಕಂಡಿತು. ಫ್ಲಾಪಿಗಳಲ್ಲಿ ಉಳಿದಿದ್ದ ಡಾಸ್ ಕಾಲದ ಡಿಬೇಸ್ ಕಡತಗಳು ಒಂದು ಸಣ್ಣ ಕೋಷ್ಟಕದ ಸಹಾಯದಿಂದ ಹೆಚ್ಚುಕಡಿಮೆ ತಕರಾರಿಲ್ಲದೆ ಬಂದುಬಿಟ್ಟವು, ಏಕೆಂದರೆ ಯುನಿಕೋಡ್‌ನ ಕನ್ನಡ ಭಾಗವನ್ನು ಇಸ್ಕಿಯ 1988ರ ರೂಪವನ್ನು ಆಧರಿಸಿಯೇ ಕಟ್ಟಿದ್ದಾರೆ. ತೊಂದರೆ ಕೊಟ್ಟದ್ದು ನಂತರದ, ನೋಡಲು ಸೊಗಸಾದ, ವಿಂಡೋಸ್ ಕಾಲದ ಕಡತಗಳು. ಆಪರೇಟಿಂಗ್ ಸಿಸ್ಟಂಗಳ ಚರ್ಚೆಯಲ್ಲಿ ಡಾಸ್ ಎಂದರೆ ಹಿಂದುಳಿದದ್ದು ಎಂಬ ಮಾತು ಬಂದಾಗಲೆಲ್ಲ ನಾನು ಈ ಎರಡು ಬಗೆಯ ಕಡತಗಳನ್ನು ನೆನಪಿಸುತ್ತೇನೆ.

ನುಡಿ ಸಂಕೇತದ ಕಡತಗಳ ಪರಿವರ್ತನೆಗೆ ಲಿನಕ್ಸ್‌ನಲ್ಲಿ ಪರ್ಲ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಂಡೆ. ಮೊದಲ ಅಡಚಣೆ ಇಂಗ್ಲಿಷ್ ಪದಗಳದು: ಒಂದೇ ಸಂಕೇತ ನುಡಿ ಫಾಂಟಿನಲ್ಲಿ ಕನ್ನಡದ ತುಂಡು, ಟೈಮ್ಸ್ ಫಾಂಟಿನಲ್ಲಿ ರೋಮನ್ ಅಕ್ಷರ. ಬರೀ ಪಠ್ಯವಾಗಿ ಉಳಿಸಿದರೆ ಆ ಭೇದ ಅಳಿಸಿಹೋಗುತ್ತದೆ. ಆದ್ದರಿಂದ ವರ್ಡ್ ಕಡತವನ್ನು ಆರ್‌ಟಿಎಫ್ ರೂಪದಲ್ಲಿ ಉಳಿಸಿ, ಅದರೊಳಗಿನ ಫಾಂಟ್ ಗುರುತುಗಳನ್ನು ಓದಿ, ನುಡಿ ಫಾಂಟಿನಲ್ಲಿದ್ದ ಭಾಗಗಳನ್ನಷ್ಟೇ ಪರಿವರ್ತಿಸಿದೆ. ಎರಡನೆಯದು ತುಂಡುಗಳ ಅರ್ಥ. ನುಡಿಯಲ್ಲಿ ಮಕಾರಕ್ಕೆ ಸ್ವಂತ ಮನೆಯಿಲ್ಲ. ವಕಾರಕ್ಕೆ ಕೊಂಬು ಸೇರಿಸಿ ಮಕಾರ ಮಾಡುತ್ತಾರೆ, ‘ವು’ ಬೇಕಾದಾಗ ಬೇರೆಯೇ ಒಂದು ಕೊಂಬನ್ನು ಬಳಸುತ್ತಾರೆ. ಹಾಗಾಗಿ ಉದ್ದದ ಜೋಡಣೆಗಳನ್ನು ಮೊದಲು, ಚಿಕ್ಕವನ್ನು ಆಮೇಲೆ ಹುಡುಕುವಂತೆ ಕೋಷ್ಟಕವನ್ನು ಅಣಿಗೊಳಿಸಬೇಕು. ಇಲ್ಲದಿದ್ದರೆ ‘ಮನೆ’ಯ ಮಕಾರ ‘ವು’ ಆಗಿ ಓದಿಕೊಳ್ಳುತ್ತದೆ.

ಮೂರನೆಯದು ಕ್ರಮ, ಮತ್ತು ಹೆಚ್ಚು ಶ್ರಮ ಬೇಡಿದ್ದು ಅದೇ. ಫಾಂಟಿನ ಕಡತದಲ್ಲಿ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ, ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ. ‘ಕ್ರಿ’ ಎಂಬಲ್ಲಿ ಫಾಂಟಿನ ಪ್ರಕಾರ ಮೊದಲು ‘ಕಿ’, ಆಮೇಲೆ ರಕಾರದ ಒತ್ತು. ಯುನಿಕೋಡ್‌ನಲ್ಲಿ ಕಕಾರ, ಹಲಂತ, ರಕಾರ, ಕೊನೆಗೆ ಗುಡಿಸು. ಎಂದರೆ ಪ್ರತಿಯೊಂದು ಒತ್ತನ್ನೂ ಸ್ವರಚಿಹ್ನೆಯ ಹಿಂದಿನಿಂದ ಎತ್ತಿ ಮುಂದಕ್ಕೆ ತರಬೇಕು. ಅರ್ಕಾವತ್ತು ಇನ್ನೂ ದೂರ ಜಿಗಿಯಬೇಕು: ‘ಕೀರ್ತಿ’ಯಲ್ಲಿ ಅದು ‘ತಿ’ಯ ಹಿಂದೆ ಇರುತ್ತದೆ, ‘ಮರ್ತ್ಯ’ದಲ್ಲಿ ತಕಾರವನ್ನೂ ಯಕಾರದ ಒತ್ತನ್ನೂ ದಾಟಿ ಅವೆರಡರ ಮುಂದೆ ಬಂದು ಕೂರಬೇಕು. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗದೆ ನೆಟ್ಟಗೆ ನಿಲ್ಲಲು, ಕಣ್ಣಿಗೆ ಕಾಣದ ಜೋಡಕವೊಂದನ್ನು ರಕಾರದ ಪಕ್ಕ ಇಡಬೇಕು. ಪರಿವರ್ತನೆ ಸರಿಯಾಗಿದೆಯೇ ಎಂದು ತಿಳಿಯಲು ನಾನು ಕಂಡುಕೊಂಡ ಉಪಾಯವೆಂದರೆ, ಯುನಿಕೋಡ್ ಪಠ್ಯವನ್ನು ಮತ್ತೆ ನುಡಿ ಸಂಕೇತಕ್ಕೆ ತಿರುಗಿಸಿ ಮೂಲ ಕಡತದೊಂದಿಗೆ ಡಿಫ್ ಆದೇಶದಿಂದ ಹೋಲಿಸುವುದು. ವ್ಯತ್ಯಾಸ ಬಂದ ಸಾಲುಗಳನ್ನಷ್ಟೇ ಕಣ್ಣಿಂದ ನೋಡಿದರೆ ಸಾಕಾಗುತ್ತಿತ್ತು. ಹೀಗೆ ತಿರುಗಿಸುವ ಪ್ರೋಗ್ರಾಂ ಇನ್ನೊಂದು ಕೆಲಸಕ್ಕೂ ಒದಗಿತು: ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ತಿಳಿಯದು, ಹಾಗಾಗಿ ಪಟ್ಟಿಯನ್ನು ಯುನಿಕೋಡ್‌ನಲ್ಲಿ ಜೋಡಿಸಿ, ಅಚ್ಚಿಗೆ ಕಳುಹಿಸುವ ಮುಂಚೆ ನುಡಿಗೆ ತಿರುಗಿಸಿ ಪುಟ ಕಟ್ಟತೊಡಗಿದೆವು. ಳಕಾರದ ಹಳೆಯ ತಕರಾರು ಯುನಿಕೋಡ್ ಕೋಷ್ಟಕಕ್ಕೂ ಹಾಗೆಯೇ ಬಂದಿತ್ತು. ಆದರೆ ಸಂಕೇತಗಳ ಕ್ರಮ ಒಂದು, ಭಾಷೆಯ ಕ್ರಮ ಇನ್ನೊಂದು ಎಂದು ಬೇರ್ಪಡಿಸಿ, ಜೋಡಣೆಗೆ ಬೇರೆಯೇ ಕೋಷ್ಟಕ ಕೊಡುವ ಅವಕಾಶ ಈಗ ಇತ್ತು. ಪರ್ಲ್‌ನಲ್ಲಿ ಅದಕ್ಕೆ ಕೆಲವೇ ಸಾಲು ಸಾಕಾದವು.

ಈ ಹೊತ್ತಿಗೆ ಯಾರಾದರೂ ಬಂದು ಯಾವ ಸಿಸ್ಟಂ ಹಾಕಿಸಲಿ ಎಂದು ಕೇಳಿದರೆ ನನ್ನ ಉತ್ತರ ಬದಲಾಗಿತ್ತು: ಪುಟ ಕಟ್ಟುವವರಿಗೆ ವಿಂಡೋಸ್, ಪಠ್ಯ ಮತ್ತು ದತ್ತಾಂಶದ ಕೆಲಸದವರಿಗೆ ಲಿನಕ್ಸ್. 2012ರಲ್ಲಿ ಪುಟ ಕಟ್ಟುವ ಇನ್ನೊಂದು ತಂತ್ರಾಂಶವಾದ ಇನ್‌ಡಿಸೈನ್‌ನ ಸಿಎಸ್6 ಆವೃತ್ತಿಗೆ ಕನ್ನಡ ಬಂದ ಮೇಲೆ ಪೇಜ್‌ಮೇಕರಿನ ಬಿಗಿ ಸ್ವಲ್ಪ ಸಡಿಲವಾಯಿತು. ಮ್ಯಾಕ್‌ಗೂ 2011ರ ಲಯನ್ ಆವೃತ್ತಿಯಲ್ಲಿ ಕನ್ನಡದ ಫಾಂಟುಗಳು ಬಂದಿದ್ದವು. ಆದರೆ ವಾದದ ಬುಡವನ್ನೇ ಅಲುಗಾಡಿಸಿದ್ದು, ಹೊರಗಿನವರು ಹೆಸರು ಕೇಳಿರದ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅಕ್ಷರ ರೂಪಿಸುವ ಕೆಲಸವನ್ನು ಫೈರ್‌ಫಾಕ್ಸ್, ಕ್ರೋಮ್‌ಗಳು ಅದಕ್ಕೆ ವಹಿಸಿದವು. 2017ರ 5.3ನೆಯ ಆವೃತ್ತಿಯಲ್ಲಿ ಲಿಬ್ರೆಆಫೀಸ್ ಕೂಡ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅದನ್ನೇ ಬಳಸತೊಡಗಿತು. ಅದಕ್ಕೆ ಮುಂಚೆ ಒಂದೇ ಕಡತವನ್ನು ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ತೆರೆದರೆ ಒತ್ತಕ್ಷರಗಳು ಕೆಲವೊಮ್ಮೆ ಬೇರೆ ಬೇರೆಯಾಗಿ ಕೂರುತ್ತಿದ್ದವು, ಸಾಲುಗಳು ಬೇರೆ ಕಡೆ ಮುರಿಯುತ್ತಿದ್ದವು. ಆಮೇಲೆ ಫಾಂಟ್ ಒಂದೇ ಆದರೆ ಪುಟವೂ ಬಹುಮಟ್ಟಿಗೆ ಒಂದೇ. ಅಕ್ಷರ ಆಪರೇಟಿಂಗ್ ಸಿಸ್ಟಂನಿಂದಲೂ ಹೊರಬಿದ್ದ ಮೇಲೆ, ಕನ್ನಡದ ಕಾರಣವನ್ನು ಮುಂದಿಟ್ಟು ಒಂದನ್ನು ಎತ್ತಿ ಇನ್ನೊಂದನ್ನು ಇಳಿಸುವುದು ನನಗಂತೂ ಸಾಧ್ಯವಾಗಿಲ್ಲ. ಕೇಳಲು ಬಂದವರಿಗೆ ಈಗ ನಿಮ್ಮ ಪ್ರಿಂಟರ್ ಯಾವುದು, ಲೆಕ್ಕಪತ್ರಕ್ಕೆ ಯಾವ ತಂತ್ರಾಂಶ ಬಳಸುತ್ತೀರಿ ಎಂದಷ್ಟೇ ವಿಚಾರಿಸುತ್ತೇನೆ.

ಅಂಗಡಿಯಲ್ಲಿ ಸದ್ಯ ಸದಸ್ಯರ ಪಟ್ಟಿ ಲಿನಕ್ಸ್ ಯಂತ್ರದಲ್ಲಿದೆ. ಜೋಡಣೆ, ಹುಡುಕಾಟ, ಪುಟ ಕಟ್ಟುವುದು ಎಲ್ಲ ಅಲ್ಲೇ ಆಗಿ ಪಿಡಿಎಫ್ ರೂಪದಲ್ಲಿ ಆಫ್‌ಸೆಟ್ ಮುದ್ರಣಾಲಯಕ್ಕೆ ಹೋಗುತ್ತದೆ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಕಂಪನಿಯ ಬೆಂಬಲ ನಿಂತಿದ್ದರೂ, ಅದಿರುವ ಒಂದು ಹಳೆಯ ಯಂತ್ರವನ್ನು ಅಂತರಜಾಲಕ್ಕೆ ಸೇರಿಸದೆ ಇಟ್ಟುಕೊಂಡಿದ್ದೇನೆ. ಹಿಂದಿನ ಸ್ಮರಣಸಂಚಿಕೆಗಳ, ಪ್ರಬಂಧಗಳ ಪೇಜ್‌ಮೇಕರ್ ಕಡತಗಳನ್ನು ಹಿಡಿದು ಬರುವವರು ಇನ್ನೂ ಇದ್ದಾರೆ. ಅವರ ಕಡತವನ್ನು ಅದರಲ್ಲಿ ತೆರೆದು, ಆರ್‌ಟಿಎಫ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಈಚೆಯ ಯಂತ್ರಕ್ಕೆ ತಂದು ಪರಿವರ್ತಿಸಿ ಕೊಡುತ್ತೇವೆ. ಮೂಲ ಕಡತದ ಜೊತೆಗೆ ಅದರಲ್ಲಿ ಬಳಸಿದ ಫಾಂಟಿನ ಹೆಸರನ್ನೂ ಬರೆದು ತಂದವರ ಕೆಲಸ ಬೇಗ ಆಗುತ್ತದೆ.